ತದಡಿಯಲ್ಲಿ ಮುಟ್ಟಿದ ಸಮುದ್ರಸೌತೆ

ತದಡಿ ಬಂದರಿನಲ್ಲಿ ಹೊಳೆಯಾಚೆಯ ಅಘನಾಶಿನಿ ಊರಿಗೆ ದಾಟುವ ದೋಣಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ನಾಗವೇಣಿ ಎಂಬಾಕೆ ಕಂದುಬಣ್ಣದ ಮೆತ್ತನೆಯ ಜೀವಿಯೊಂದನ್ನು ಎತ್ತಿ ಹಿಡಿದು, "ಇದೆಂತ ಹೇಳಿ ಅಕ್ಕೋರೇ?" ಎಂದಳು. ನಾನು ಶಾಲೆಯ ಟೀಚರೆಂದು ಆಗಷ್ಟೇ ಹೇಳಿದ್ದೆ.

ಸಮುದ್ರಸೌತೆ! ಬೆನ್ನೆಲುಬು ಇರುವ, ಇಲ್ಲದ ಜೀವಿಗಳ ಪಾಠದಲ್ಲಿ ಇದಕ್ಕೂ ಸೀಲು ಎಂಬ ಕಡಲ ಪ್ರಾಣಿಗೂ ಇರುವ ವ್ಯತ್ಯಾಸವನ್ನು ಇಪ್ಪತ್ತು ವರ್ಷ ಮಕ್ಕಳಿಂದ ಬರೆಸಿದ್ದೇನೆ, ಎರಡನ್ನೂ ಕಂಡಿರಲಿಲ್ಲ. ಅವಳಿಗೂ ಪಾಠ ಶುರುಮಾಡಿದೆ. ಸೀಲು ತಣ್ಣನೆಯ ಕಡಲಿನದು, ಮೀಸೆಯಿದೆ, ಮರಿಗೆ ಹಾಲೂಡುತ್ತದೆ, ಉಸಿರಿಗೆ ಮೇಲೆ ಬರುತ್ತದೆ. ಇದಕ್ಕೆ ಬೆನ್ನೆಲುಬಿಲ್ಲ, ಕಣ್ಣಿಲ್ಲ, ಮುಖವೇ ಇಲ್ಲ. ಉಸಿರಾಟವೂ ಹಿಂಬದಿಯಿಂದ.

ನಾಗವೇಣಿ ಬಿದ್ದು ಬಿದ್ದು ನಕ್ಕಳು. "ಪಾಠ ಆಮೇಲೆ ಅಕ್ಕೋರೇ, ಇದು ಸತ್ತೋಗ್ತದೆ. ನೀವೇ ನೀರಿಗೆ ಬಿಡಿ" ಎಂದು ನನ್ನ ಅಂಗೈಗೆ ಇಟ್ಟಳು. ತಣ್ಣಗಿತ್ತು. ಬೆರಳು ತಾಗಿದ್ದೇ ಮೈಯೆಲ್ಲ ಬಿಗಿಯಾಯಿತು. ಮುಖವಿಲ್ಲದ ಜೀವಿ ಹೆದರಿದ್ದು ನನ್ನ ಕೈಗೆ ತಿಳಿಯಿತು. ಇದನ್ನು ನಾನು ಯಾರಿಗೂ ಕಲಿಸಿರಲಿಲ್ಲ.

ಅಷ್ಟರಲ್ಲಿ, ಬಂದು ಜನರನ್ನು ಹತ್ತಿಸಿಕೊಂಡಿದ್ದ ದೋಣಿ ಹೊರಟಿತು. ನಾಗವೇಣಿ ಎದ್ದು ನಿಂತು ಕೂಗಿದಳು: "ಏ, ಸ್ವಲ್ಪ ನಿಲ್ಸೋ! ಅಕ್ಕೋರಿಗೆ ಕೆಲ್ಸ ಇದೆ!"

ದೋಣಿ ನಿಂತಿತು. ಅಷ್ಟೂ ಜನ ನನಗಾಗಿ ಕಾದರು. ನಾನು ಬಂದರಿನ ಮೆಟ್ಟಿಲಿಳಿದು ನೀರೊಳಗೆ ಮೆಲ್ಲಗೆ ಅಂಗೈ ಬಿಚ್ಚಿದೆ.