ಅಂಬೊಸೆಲಿಯ ಜೌಗಿನ ಬಳಿ ಆಡಿದ ಮಾತು

ಆಫ್ರಿಕಾಕ್ಕೆ ಅಕ್ಕನನ್ನು ಹೊರಡಿಸಿದವಳು ನಾನೇ. ಏಳನೇ ತಿಂಗಳಲ್ಲಿ ಅವಳ ಮಗು ಹೊಟ್ಟೆಯಲ್ಲೇ ಹೋಗಿ ಒಂದು ವರ್ಷವಾಗಿತ್ತು. "ನಾವಿಬ್ಬರೇ ಹೋಗಿಬರೋಣ ಬಾರೇ, ಮನಸ್ಸು ಸ್ವಲ್ಪ ಹಗುರ ಆಗತ್ತೆ" ಎಂದು ಹೂಸ್ಟನ್ ಹತ್ತಿರದ ನಮ್ಮೂರು ಫುಲ್‌ಶೀರ್‌ನಿಂದ ಅವಳಿದ್ದ ರಿಚರ್ಡ್‌ಸನ್ ಊರಿಗೆ ದಿನಾ ಫೋನ್ ಮಾಡಿ ಒಪ್ಪಿಸಿದೆ. ನನ್ನ ಇಬ್ಬರು ಮಕ್ಕಳನ್ನು ಗಂಡನಿಗೆ ಒಪ್ಪಿಸಿ ಹೂಸ್ಟನ್‌ನಲ್ಲಿ ವಿಮಾನ ಹತ್ತಿದೆವು.

ಅವಳ ಮೇಲಿನ ಪ್ರೀತಿಯಷ್ಟೇ ಅವಳ ದುಃಖದ ಮೇಲಿನ ಬೇಸರವೂ ನನ್ನಲ್ಲಿತ್ತು. ನನ್ನ ಮನೆಗೆ ಬಂದಾಗಲೆಲ್ಲ ಮಕ್ಕಳ ಗಲಾಟೆ ತಡೆಯಲಾರದೆ ಬಾತ್‌ರೂಮಿಗೆ ಹೋಗಿ ಕೂತುಬಿಡುತ್ತಿದ್ದಳು. ಅವಳೆದುರು ನನ್ನ ಮಕ್ಕಳನ್ನು ಎತ್ತಿ ಮುದ್ದಾಡಲೂ ನಾನು ಹೆದರುತ್ತಿದ್ದೆ.

ಕೀನ್ಯಾದ ಅಂಬೊಸೆಲಿ ಕಾಡಿನಲ್ಲಿ ಒಂದು ಪುಟ್ಟ ಜ್ವಾಲಾಮುಖಿ ಗುಡ್ಡವಿದೆ. ಪ್ರವಾಸಿಗರು ಜೀಪಿನಿಂದಿಳಿದು ಅದನ್ನು ಹತ್ತಬಹುದು. ಕೆಳಗೆ ಬೂದಿಬಣ್ಣದ ಬಯಲು, ನಡುವೆ ಹಚ್ಚಹಸಿರು ಜೌಗು. ದೂರದ ಹಿಮಪರ್ವತದ ನೀರು ಲಾವಾ ಕಲ್ಲಿನೊಳಗೆ ಇಂಗಿ, ನೆಲದಡಿ ಹರಿದು, ಇಲ್ಲಿ ಊಟೆಯಾಗಿ ಏಳುತ್ತದೆಂದು ನಮ್ಮ ಡ್ರೈವರ್ ವಿವರಿಸಿದ. "ಎಷ್ಟು ಚೆನ್ನಾಗಿದೆ ಕಣೇ" ಎಂದು ಅಕ್ಕ ನಕ್ಕಳು. ನಾನು ಗೆದ್ದೆ ಅಂದುಕೊಂಡೆ.

ಕೆಳಗಿಳಿದು ಜೌಗಿನ ಪಕ್ಕದಲ್ಲಿ ಹೋಗುವಾಗ ನಾಲ್ಕೈದು ಜೀಪುಗಳು ನಿಂತಿದ್ದವು. ಜೀಬ್ರಾ ಮರಿಯೊಂದು ಹೊಟ್ಟೆಯವರೆಗೂ ಕೆಸರಿನಲ್ಲಿ ಹೂತುಹೋಗಿತ್ತು. ತಾಯಿ ದಡದಲ್ಲಿ ಅತ್ತಿಂದಿತ್ತ ಓಡುತ್ತಿತ್ತು. ಎರಡು ಕತ್ತೆಕಿರುಬಗಳು ಅವಸರವಿಲ್ಲದೆ ಮರಿಯ ಹತ್ತಿರ ಬರುತ್ತಿದ್ದವು. ಸುತ್ತ ಎಲ್ಲರ ಕೈಯಲ್ಲೂ ಫೋನು.

"ಅದನ್ನ ಎಳೆದು ಹಾಕಿ!" ಎಂದು ಅಕ್ಕ ಇಂಗ್ಲಿಷಿನಲ್ಲಿ ಕೂಗಿದಳು. ಇಲ್ಲಿ ಇಳಿಯುವಂತಿಲ್ಲ, ಕಾಡಿನ ವ್ಯವಹಾರದಲ್ಲಿ ಕೈ ಹಾಕುವಂತಿಲ್ಲ ಎಂದ ಡ್ರೈವರ್. ಅವಳು ಬಾಗಿಲಿಗೆ ಕೈ ಹಾಕಿದಳು. ಅವನು ಲಾಕ್ ಮಾಡಿದ. ಅವಳು ಕಿಟಕಿ ಬಡಿಯುತ್ತ ಚೀರತೊಡಗಿದಾಗ ಪಕ್ಕದ ಜೀಪಿನವರು ಫೋನು ನಮ್ಮತ್ತ ತಿರುಗಿಸಿದರು. ನನಗೆ ನಾಚಿಕೆಯಿಂದ ಮೈ ಉರಿಯಿತು.

ದನಿ ಏರಿಸದೆ ಕನ್ನಡದಲ್ಲಿ ಅಂದೆ: "ಹೊಟ್ಟೇಲಿದ್ದ ನಿನ್ನ ಮಗೂನೇ ಉಳಿಸ್ಕೊಳ್ಳೋಕಾಗ್ಲಿಲ್ಲ ನಿಂಗೆ. ಇದನ್ನ ಉಳಿಸ್ತೀಯಾ? ಸುಮ್ನೆ ಕೂತ್ಕೋ."

ಅವಳು ಕೂತಳು.

ಮರಿ ಸಾಯಲು ಬಹಳ ಹೊತ್ತು ಹಿಡಿಯಿತು. ಕಿರುಬಗಳು ಹಿಂದಿನಿಂದ ತಿನ್ನತೊಡಗಿದ್ದವು, ಮರಿ ತಲೆ ಇನ್ನೂ ಎತ್ತಿಕೊಂಡೇ ಇತ್ತು. ನಾನು ಮುಖ ತಿರುಗಿಸಿದೆ. ಅಕ್ಕ ಕಣ್ಣು ಕೀಳದೆ ಕೊನೆಯವರೆಗೂ ನೋಡಿದಳು. ಆಮೇಲೆ ತಾಯಿ ಹಿಂಡು ಸೇರಿ ಮೇಯತೊಡಗಿತು.

ಉಳಿದ ಮೂರು ದಿನ ಅವಳು ಜಗಳವಾಡಲಿಲ್ಲ. ನೀರಿನ ಬಾಟಲಿ ಕೊಟ್ಟರೆ "ಥ್ಯಾಂಕ್ಸ್" ಅಂದಳು. ಹುಟ್ಟಿದಾಗಿನಿಂದ ಅವಳು ನನಗೆ ಆ ಮಾತು ಹೇಳಿದವಳಲ್ಲ.

ತಿಂಗಳಾದ ಮೇಲೆ ತಡೆಯಲಾರದೆ ಒಬ್ಬಳೇ ಡ್ರೈವ್ ಮಾಡಿಕೊಂಡು ರಿಚರ್ಡ್‌ಸನ್ನಿಗೆ ಹೋದೆ. ಬಾಗಿಲು ತೆಗೆದ ಭಾವನಿಗೆ ಏನೂ ಗೊತ್ತಿರಲಿಲ್ಲ. "ಬಾಮ್ಮ, ಊಟ ಮಾಡ್ಕೊಂಡೇ ಹೋಗ್ಬೇಕು" ಎಂದರು. ಅಕ್ಕ ಕಾಫಿ ತಂದಳು, ನೆಂಟರಿಗೆಂದು ಎತ್ತಿಟ್ಟ ಕಪ್ಪಿನಲ್ಲಿ. ಭಾವ ಒಳಗೆ ಹೋದದ್ದೇ ನಾನು ಅವಳ ಕಾಲು ಹಿಡಿದು ಅತ್ತೆ.

"ಏಳು. ಡಾಕ್ಟ್ರ ಹತ್ರ ಎರಡು ದಿನ ತಡವಾಗಿ ಹೋದೆ ಅಂತ ನಾನೇ ದಿನಾ ಸಾಯ್ತಿದ್ದೆ. ಬೇರೆಯವ್ರೂ ಹಾಗೇ ಅಂದ್ಕೊಂಡಿದಾರಾ ಅಂತ ಭಯ ಇತ್ತು. ಈಗ ಗೊತ್ತಾಯ್ತು."

"ನಾನು ಯಾವತ್ತೂ ಹಾಗಂದ್ಕೊಂಡಿಲ್ಲ ಅಕ್ಕ."

"ಅಂದ್ಕೊಂಡಿಲ್ದಿದ್ರೆ ಅಷ್ಟು ಬೇಗ ಬಾಯಿಗೆ ಬರ್ತಿರ್ಲಿಲ್ಲ ಕಣೆ."

ಕೊಟ್ಟ ಕಾಫಿ ಕುಡಿದು, ಮಳೆ ಬರುವ ಹಾಗಿದೆ ಎಂದು ಸುಳ್ಳು ಹೇಳಿ ಹೊರಟೆ.

ಈ ವರ್ಷ ಇಂಡಿಯನ್ ಅಂಗಡಿಯಲ್ಲಿ ಸೊಪ್ಪು ಆರಿಸುತ್ತಿದ್ದಾಗ ಪರಿಚಯದ ಆಂಟಿಯೊಬ್ಬರು ಕೇಳಿದರು: "ನಿಮ್ಮಕ್ಕ ಆಸ್ಟಿನ್‌ಗೆ ಶಿಫ್ಟ್ ಆದ್ರಂತೆ? ಮನೆ ಹೇಗಿದೆ?"

ನನಗೆ ಅದೇ ಮೊದಲ ಸುದ್ದಿ. "ಹೌದು ಆಂಟಿ, ಹಿತ್ತಲು ತುಂಬ ದೊಡ್ಡದು, ಬೆಳಕು ಚೆನ್ನಾಗಿ ಬರತ್ತೆ" ಎಂದು ನೋಡಿಯೇ ಇಲ್ಲದ ಮನೆಯನ್ನು ಹೊಗಳಿದೆ.