ದೊಡ್ಡಹನುಮಯ್ಯ ಉಜ್ಜಿದ ಮೇಜು

ರಾಜಾಜಿನಗರದ ಆ ಹೊಸ ಕಾಲೇಜಿನಲ್ಲಿ ಪ್ರಿನ್ಸಿಪಾಲರಿಗಿಂತ ಅಟೆಂಡರ್ ದೊಡ್ಡಹನುಮಯ್ಯನ ಗತ್ತೇ ಒಂದು ತೂಕ ಹೆಚ್ಚು. ಪ್ರಯೋಗಶಾಲೆಯ ಬೀಗದ ಕೈ ಅವನ ಸೊಂಟದಲ್ಲಿ. ಗಾಜು ಒಡೆದ ಹುಡುಗರ ಮೇಲೆ ಎಗರಾಡುವನು, ಅವರ ಮುಖ ಸಪ್ಪಗಾದರೆ ತಾನೇ ಹೋಗಿ ಸಮಾಧಾನ ಮಾಡುವನು.

೧೯೫೪ರ ಜನವರಿ. ಇಂಟರ್‌ಮೀಡಿಯೆಟ್‌ವರೆಗಷ್ಟೇ ಇದ್ದ ಕಾಲೇಜು ಬಿ.ಎಸ್ಸಿ. ಕೇಳಿತ್ತು. ಪಾಠ, ಪುಸ್ತಕ, ಪ್ರಯೋಗ ಎಲ್ಲ ಸರಿಯಾಗಿದೆಯೇ ಎಂದು ನೋಡಲು ವಿಶ್ವವಿದ್ಯಾನಿಲಯದ ಕಮಿಷನ್ ಬರುವುದಿತ್ತು. ಹನುಮಯ್ಯನ ಮಗಳು ಚಿಕ್ಕಗಂಗಮ್ಮ ಅಲ್ಲೇ ಇಂಟರ್ ಎರಡನೇ ವರ್ಷದಲ್ಲಿದ್ದಳು. “ಅಪ್ಪನ ಕಣ್ಣೆದುರಾದ್ರೆ ಓದ್ಲಿ. ಬೇರೆ ಕಡೆ ಕಳಿಸಿದ್ರೆ ನಾನು ಊಟ ಬಿಡ್ತೀನಿ” ಎಂದು ಅವನ ತಾಯಿ ಮುನಿತಾಯಮ್ಮ ಹಟ ಹಿಡಿದಿದ್ದಳು. ಇಲ್ಲಿಗೆ ಬಿ.ಎಸ್ಸಿ. ಬಂದರೆ ಮಾತ್ರ ಹುಡುಗಿಯ ಓದು ಮುಂದೆ ಸಾಗುತ್ತಿತ್ತು.

ಹನುಮಯ್ಯ ಎರಡು ದಿನ ಉಪ್ಪುಕಾಗದ ಹಿಡಿದು ಮೇಜುಗಳನ್ನು ಉಜ್ಜಿದ. ಆಸಿಡ್ ಸುಟ್ಟ ಗುರುತು, ಬಣ್ಣದ ಕಲೆ, ಒಂದನ್ನೂ ಬಿಡಲಿಲ್ಲ. ಮಕ್ಕಳು ಪ್ರಯೋಗ ಬರೆದಿಟ್ಟ, ಕಲೆಯಾದ ರೆಕಾರ್ಡು ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಅಟ್ಟ ಹತ್ತಿಸಿದ.

“ಅಪ್ಪಾ, ಅಷ್ಟೊಂದು ಉಜ್ಜಬೇಡ. ನಾವು ಕೆಲಸ ಮಾಡಿರೋ ಗುರುತೇ ಇಲ್ವಲ್ಲ!”

“ಬೀಗರು ಬರೋ ದಿನ ಯಾರಾದ್ರೂ ಹೊಲಸು ತೋರಿಸ್ತಾರೇನೇ? ಮೊದ್ಲು ನಿನ್ನ ಬೆರಳಿನ ಕಪ್ಪು ತೊಳ್ಕೋ ಹೋಗು.”

ಅದು ಪ್ರಯೋಗದಲ್ಲಿ ಅಂಟಿದ ಸಿಲ್ವರ್ ನೈಟ್ರೇಟ್ ದ್ರಾವಣದ ಕಪ್ಪು, ತೊಳೆದರೆ ಹೋಗುವಂಥದ್ದಲ್ಲ.

ಕಮಿಷನ್ನಿನ ಹಿರಿಯರೊಬ್ಬರು ಮೇಜಿನ ಮೇಲೆ ಕೈಯಾಡಿಸಿದರು. “ಮಕ್ಕಳು ಇಲ್ಲಿ ದಿನಾ ಪ್ರಯೋಗ ಮಾಡ್ತಾರೇನಪ್ಪಾ?”

ಹನುಮಯ್ಯ ಉಬ್ಬಿಹೋದ. “ಯಾರನ್ನೂ ಮುಟ್ಟೋಕೆ ಬಿಡಲ್ಲ ಸ್ವಾಮಿ. ಬೀಗ ನನ್ನ ಹತ್ರಾನೇ ಇರುತ್ತೆ!”

ಇದು ಶುದ್ಧ ಸುಳ್ಳು. ದಿನವೂ ಅಲ್ಲಿ ಮಕ್ಕಳ ಗಲಾಟೆಯೇ. ಪ್ರಿನ್ಸಿಪಾಲರ ಮುಖ ಕಪ್ಪಿಟ್ಟಿತು. ಅವರು ರೆಕಾರ್ಡು ಪುಸ್ತಕ ತರಲು ಹೇಳಿದರು. ಹನುಮಯ್ಯ ಏಣಿ ಹುಡುಕಿ ಚೀಲ ಇಳಿಸುವಷ್ಟರಲ್ಲಿ ಕಮಿಷನ್ನಿನ ಕಾರು ಹೊರಟುಹೋಗಿತ್ತು.

ತಿಂಗಳಾದ ಮೇಲೆ ಕಾಗದ ಬಂತು. ಪ್ರಯೋಗಶಾಲೆ ಅಂದವಾಗಿದೆ, ಆದರೆ ವಿದ್ಯಾರ್ಥಿಗಳು ಬಳಸಿದ ಗುರುತಿಲ್ಲ, ಎರಡು ವರ್ಷದ ನಂತರ ಮತ್ತೆ ಕೇಳಿಕೊಳ್ಳಬಹುದು ಎಂದು ಬರೆದಿತ್ತು. ಹನುಮಯ್ಯ ಪ್ರಿನ್ಸಿಪಾಲರ ಕಾಲಿಗೆ ಬಿದ್ದ. ಅದರಿಂದ ಏನೂ ಆಗಲಿಲ್ಲ. ಚಿಕ್ಕಗಂಗಮ್ಮ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಅಜ್ಜಿ ಕೆಂಗೇರಿಯ ಗಂಡು ನೋಡಿದಳು. ಧಾರೆಯ ದಿನ ಹನುಮಯ್ಯ ಮಗಳ ಕೈ ಹಿಡಿದಾಗ ನೋಡಿದ, ಬೆರಳಿನ ಕಪ್ಪು ಪೂರ್ತಿ ಸವೆದುಹೋಗಿತ್ತು.

ಎರಡು ವರ್ಷ ಕಳೆದು ಬಿ.ಎಸ್ಸಿ. ಬಂತು. ಮೊದಲ ಪ್ರಾಕ್ಟಿಕಲ್ಲಿನಲ್ಲಿ ಹುಡುಗಿಯೊಬ್ಬಳು ಅದೇ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಮೇಜಿನ ಮೇಲೆ ಚೆಲ್ಲಿ, ಹನುಮಯ್ಯನನ್ನು ಕಂಡು ಹೆದರಿ ಒರೆಸುವ ಬಟ್ಟೆ ತರಲು ಓಡಿದಳು.

“ಬಿಡಮ್ಮಾ, ಒರೆಸಬೇಡ. ಇರ್ಲಿ,” ಎಂದು ಹನುಮಯ್ಯ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.