ಮಹಾಯಾಜಕ ಮತ್ತು ಕಿಟಕಿ ಸೀಟು

ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆದರೆ ಆ ಸೀಟು ಎಸೆದವನದು. ಈ ಕಾನೂನನ್ನು ಯಾರೂ ಬರೆದಿಟ್ಟಿಲ್ಲ, ಆದರೆ ನರಗುಂದ ಬಸ್ ಸ್ಟ್ಯಾಂಡಿನಲ್ಲಿ ಇದನ್ನು ಮೀರಿದವನಿಗೆ ಮರ್ಯಾದೆಯಿಲ್ಲ. ಅವತ್ತು ನಾನು ಮೀರಿದೆ. ರೋಣದ ಬಸ್ಸು ತುಂಬಿತ್ತು, ನನ್ನ ಮೊಣಕಾಲು ನೋಯುತ್ತಿತ್ತು. ಕಿಟಕಿ ಪಕ್ಕದ ಸೀಟಿನ ಮೇಲಿದ್ದ ಬಿಳಿ ಟವೆಲನ್ನು ಎತ್ತಿ ಮುಂದಿನ ಸರಳಿಗೆ ಹಾಕಿ ಕುಳಿತುಬಿಟ್ಟೆ.

"ಏನಲೇ, ಬಸ್ ನಿಮ್ಮಪ್ಪಂದೇನು?" ಎಂದು ಹಿಂದಿನಿಂದ ಯಾರೋ ಅಬ್ಬರಿಸಿದರು. ತಿರುಗಿದರೆ ನಮ್ಮ ಪಾಸ್ಟರು. ನರಗುಂದದಲ್ಲಿದ್ದುಕೊಂಡು, ತಿಂಗಳ ಮೊದಲ ಭಾನುವಾರ ರೋಣಕ್ಕೆ ಬಂದು ನಮ್ಮ ಹತ್ತು ಮನೆಗಳ ಸಭೆಗೆ ಕರ್ತನಾದ ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಕೊಡುವವರು. ನನ್ನನ್ನು ಕಂಡು, ಸರಳಿನ ಮೇಲಿದ್ದ ಟವೆಲನ್ನು ತೆಗೆದು ಹೆಗಲಿಗೆ ಹಾಕಿಕೊಂಡರು. ನಾನು ಏಳಲಿಲ್ಲ. ಬೆಳವಣಕಿ ದಾಟಿ ರೋಣ ಬರುವತನಕ ಅವರು ನನ್ನ ಪಕ್ಕದಲ್ಲೇ ನಿಂತರು. ಇಬ್ಬರೂ ಹೊಲ ನೋಡಿದೆವು.

ಸಭೆಯ ಹಿರಿಯ ನಾನೇ. ಪ್ರಾರ್ಥನಾ ಮಂದಿರದ ಕೀಲಿ ನನ್ನ ಹತ್ತಿರವಿತ್ತು. ಹೆಚ್ಚು ತಿಳಿದವನೂ ನಾನೇ ಎಂದು ನಾನೇ ತಿಳಿದಿದ್ದೆ. ಬುಧವಾರದ ಪ್ರಾರ್ಥನೆ ಮುಗಿದ ಮೇಲೆ ವಿಷಯ ತೆಗೆದೆ. ಹಳೆಯ ಕಾಲದ ಯಾಜಕ ಮೊದಲು ತನ್ನ ಪಾಪಕ್ಕೆ ಬಲಿ ಕೊಟ್ಟು, ಆಮೇಲೆ ಜನರ ಪಾಪಕ್ಕೆ ಕೊಡಬೇಕಿತ್ತು. ಯೇಸು ಮಾತ್ರ ನಮ್ಮ ಹಾಗೆಯೇ ಪಾಪಕ್ಕೆ ಎಳೆಯುವ ಎಲ್ಲ ಶೋಧನೆಗೂ ಸಿಕ್ಕು ಒಂದಕ್ಕೂ ಬೀಳದ ಮಹಾಯಾಜಕ. ಆತನ ಹೆಸರಿನಲ್ಲಿ ರೊಟ್ಟಿ ಮುರಿಯುವವರು ಬಸ್ಸಿನಲ್ಲಿ ನಿಂತು ಬೈಯಬಹುದೇ? ಯಾರನ್ನು ಬೈದರು, ಯಾಕೆ ಬೈದರು ಎಂದು ಯಾರೂ ಕೇಳಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಂತೆ ನಾನೂ ಸುಮ್ಮನಿದ್ದೆ. ಬೇರೆಯವರನ್ನು ಹುಡುಕುತ್ತೇವೆ, ಇನ್ನು ನೀವು ಬರುವುದು ಬೇಡವೆಂದು ಪಾಸ್ಟರಿಗೆ ಫೋನ್ ಮಾಡಿದೆ. "ಆತ್ರಿ" ಎಂದರು.

ಇದರಲ್ಲಿ ನನ್ನ ಅವ್ವನ ಪಾಲೂ ಹೋಗುತ್ತದೆಂದು ಆಗ ಹೊಳೆಯಲಿಲ್ಲ. ಹೊಳೆದ ಮೇಲೆ ಬಾಯಿ ಬಿಡಲಿಲ್ಲ. ಅವಳು ಹಾಸಿಗೆ ಹಿಡಿದು ವರ್ಷವಾಗಿತ್ತು. ಪಾಸ್ಟರು ಆರಾಧನೆ ಮುಗಿಸಿ ಮನೆಗೇ ಬಂದು ಅವಳಿಗೆ ರೊಟ್ಟಿ, ದ್ರಾಕ್ಷಾರಸ ಕೊಟ್ಟು ಹೋಗುತ್ತಿದ್ದರು. ಆ ಮೊದಲ ಭಾನುವಾರ ಬೆಳಗ್ಗೆಯೇ ನನ್ನ ಕೈಯಿಂದ ತಲೆ ಬಾಚಿಸಿಕೊಂಡು, ದಿಂಬಿಗೆ ಒರಗಿ ಕಾಯುವುದು ಅವಳ ರೂಢಿ. ಒಂದು ತಿಂಗಳು ಕಾದು ಮಲಗಿದಳು. ಮರು ತಿಂಗಳು ಕಾದು ಸಂಜೆ ಕೇಳಿದಳು: "ಅಯ್ಯಾರು ಯಾಕ ಬರವಲ್ರು?"

ಮಹಾಯಾಜಕನಿಂದ ಹಿಡಿದು ಎಲ್ಲ ವಿವರಿಸಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ಬೈದದ್ದು ಯಾರಿಗೆ?"

ನಾನು ಫ್ಯಾನ್ ನೋಡಿದೆ. "ನನಗ."

"ಯಾಕ?"

"ಅವರ ಟವೆಲ್ ತಗದು ನಾ ಕುಂತಿದ್ದೆ."

ಅವಳು ನಗಲಿಲ್ಲ. "ಪಾಪ ಇಲ್ಲದಾಂವ ಒಬ್ಬನ ಅದಾನ. ಆತ ಬಸ್ಸಿನ್ಯಾಗ ಬರಂಗಿಲ್ಲ. ಅದಕ್ಕ ಇವರನ್ನ ಕಳಸ್ಯಾನ. ಲಗೂ ಹೋಗಿ ಕರಕೊಂಡು ಬಾ. ನನಗ ಭಾಳ ದಿನ ಇಲ್ಲ."

ಮರುದಿನ ನರಗುಂದಕ್ಕೆ ಹೋದೆ. ಬಾಗಿಲಲ್ಲೇ ನಿಂತು, "ನಾ ಕುಂದ್ರಬಾರದಿತ್ರಿ" ಎಂದೆ. "ನಾ ಅನ್ನಬಾರದಿತ್ರಿ" ಎಂದರು. ಬರುವಾಗ ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿತ್ತು. "ನೀವು ಕುಂದರ್ರಿ", "ಇಲ್ರಿ, ನೀವು" ಎಂದು ನಾವು ಪುಣ್ಯ ಸಂಪಾದಿಸುತ್ತಿರುವಾಗ ಸೊಪ್ಪಿನ ಬುಟ್ಟಿಯವಳೊಬ್ಬಳು ಕೂತುಬಿಟ್ಟಳು. ಯೇಸುವಿಗೂ ಸೀಟಿನ ಶೋಧನೆ ಬಂದಿತ್ತೇ ಎಂದು ನಿಂತೇ ಯೋಚಿಸಿದೆ. ಆತನ ಕಾಲಕ್ಕೆ ಬಸ್ಸಿರಲಿಲ್ಲ, ದೋಣಿಯಿತ್ತು, ಜನ ಮುತ್ತುತ್ತಿದ್ದರು, ನಡೆದೂ ನಡೆದೂ ಆತನಿಗೂ ಕಾಲು ನೋಯುತ್ತಿತ್ತು. ಆದರೂ ಆತ ಯಾರ ಟವೆಲನ್ನೂ ಎತ್ತಲಿಲ್ಲ. ಇಷ್ಟು ವರ್ಷ ಮಂದಿಗೆ ಹೇಳಿಕೊಟ್ಟ ಮಾತು ಅವತ್ತು ನನಗೆ ಅರ್ಥವಾಯಿತು.

ಅವ್ವನ ಮಂಚದ ಪಕ್ಕ ಪಾಸ್ಟರು ಕೂಡಲೇ ರೊಟ್ಟಿ ಮುರಿಯಲಿಲ್ಲ. ಹಳೆಯ ಯಾಜಕರ ಹಾಗೆ, ಮೊದಲು ತಮ್ಮ ತಪ್ಪನ್ನೇ ಜೋರಾಗಿ ಹೇಳಿಕೊಂಡರು. ಆಮೇಲೆ ನಾನು ನನ್ನದನ್ನು ಹೇಳಿದೆ. ಆಗ ಅವ್ವ ಅಂಗೈ ಚಾಚಿದಳು. ಗಂಟಲಲ್ಲಿ ಇಳಿಯದು ಎಂದು ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಟ್ಟರು. ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡಿದ್ದಳು.

ಮುಂದಿನ ಮೊದಲ ಭಾನುವಾರಕ್ಕೆ ಅವಳಿರಲಿಲ್ಲ. ಮಹಾಯಾಜಕ ನನ್ನನ್ನು ಕ್ಷಮಿಸಿದ್ದಾನೆ ಎಂದು ನಂಬಿದ್ದೇನೆ. ಪಾಸ್ಟರಂತೂ ಮತ್ತೆ ಪ್ರತಿ ತಿಂಗಳು ಬರುತ್ತಾರೆ, ಬಂದಾಗ ನಮ್ಮಲ್ಲೇ ಊಟ. ಆದರೆ ಕಪಾಟಿನಲ್ಲಿ ಅವ್ವನ ಬಾಚಣಿಗೆ ಕಂಡಾಗೆಲ್ಲ ನನಗೆ ನಾಚಿಕೆಯಾಗುತ್ತದೆ. ಯಾರೂ ಬರುವುದಿಲ್ಲವೆಂದು ಗೊತ್ತಿದ್ದೂ ನಾನು ಎರಡು ಭಾನುವಾರ ಅವಳ ತಲೆ ಬಾಚಿದ್ದೆ.